ತೂರಾಡುವ ಮಗು, ಕೈಗೆಟುಕುವ ಮಾತ್ರೆ

ಸಂಜೆಯವರೆಗೂ ಓಡಾಡಿಕೊಂಡಿದ್ದ ಮೂರು ವರ್ಷದ ಮಗು ಬೆಳಿಗ್ಗೆ ಏಳುತ್ತಲೇ ಕಾಲು ಅಗಲಿಸಿಕೊಂಡು ತೂರಾಡುತ್ತದೆ. ಲೋಟಕ್ಕೆ ಚಾಚಿದ ಕೈ ನಡುಗುತ್ತದೆ, ಮಾತು ತೊದಲುತ್ತದೆ. ವೈದ್ಯರು ಇದನ್ನು ಅಕ್ಯೂಟ್ ಅಟಾಕ್ಸಿಯಾ ಎನ್ನುತ್ತಾರೆ. ದೇಹದ ಸಮತೋಲ ಕಾಯುವ ಕಿರುಮೆದುಳಿನ ಕೆಲಸ ಏರುಪೇರಾದಾಗ ಹೀಗಾಗುವುದೇ ಹೆಚ್ಚು. ಮನೆಯವರಿಗೆ ಸಿಡಿಲು ಬಡಿದಂತಾಗುವುದು ಸಹಜ. ಆದರೆ ಈ ಆಘಾತಕ್ಕೆ ಮುಖ್ಯ ಕಾರಣಗಳಲ್ಲಿ ಎರಡನ್ನು ನಾವು ಬಹುಮಟ್ಟಿಗೆ ತಡೆಯಬಹುದು. ತಡೆಯುತ್ತಿಲ್ಲ.

ಮೊದಲನೆಯದು ಸೋಂಕು. ವೈರಾಣುವಿನ ವಿರುದ್ಧ ಎದ್ದುನಿಂತ ರೋಗನಿರೋಧಕ ವ್ಯವಸ್ಥೆ, ಸೋಂಕು ಇಳಿದ ಒಂದೆರಡು ವಾರಗಳಲ್ಲಿ ದಾರಿ ತಪ್ಪಿ ಕಿರುಮೆದುಳಿನ ಮೇಲೆಯೇ ಎರಗುತ್ತದೆ. ಇದಕ್ಕೆ ಹೆಸರಾದದ್ದು ನಮ್ಮ ಊರುಗಳಲ್ಲಿ 'ಅಮ್ಮ' ಎಂದು ಕರೆಯುವ ಚಿಕನ್‌ಪಾಕ್ಸ್. ಅದು ತಗುಲಿದ ಸುಮಾರು 4,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗಬಹುದು. ಹೆಚ್ಚಿನ ಮಕ್ಕಳು ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ, ನಿಜ. ಹಾಗೆಂದು ಸುಮ್ಮನಿರಬೇಕೆ? ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲೇ ಲಸಿಕೆ ರೂಪಿಸಿದರು. ಅಮೆರಿಕ 1995ರಿಂದ ಅದನ್ನು ಎಲ್ಲ ಮಕ್ಕಳಿಗೂ ಹಾಕತೊಡಗಿದ ಮೇಲೆ ಅಲ್ಲಿ ಚಿಕನ್‌ಪಾಕ್ಸ್ ಬಹಳ ತಗ್ಗಿತು, ಅದರ ಬೆನ್ನಿಗೆ ಬರುತ್ತಿದ್ದ ಅಟಾಕ್ಸಿಯಾ ಕೂಡ.

ಭಾರತೀಯ ಮಕ್ಕಳ ವೈದ್ಯರ ಸಂಘ ಎರಡು ಡೋಸ್ ಶಿಫಾರಸು ಮಾಡುತ್ತದೆ. ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಮಾತ್ರ ಅದಿಲ್ಲ. ದುಡ್ಡಿದ್ದವರು ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸುತ್ತಾರೆ, ಅಂಗನವಾಡಿಯ ಮಗುವಿಗೆ ಸಿಗುವುದಿಲ್ಲ. ಇದು ಬರೀ ಅಸಮಾನತೆಯ ಮಾತಲ್ಲ. ಲಸಿಕೆ ಅರ್ಧಂಬರ್ಧ ಮಕ್ಕಳಿಗಷ್ಟೇ ತಲುಪಿದರೆ ಸೋಂಕು ನಿಲ್ಲದೆ, ದೊಡ್ಡ ವಯಸ್ಸಿನವರತ್ತ ಸರಿಯಬಹುದು. ಅಲ್ಲಿ ಅದು ಇನ್ನೂ ಉಗ್ರ. ಶೇ 80ರಷ್ಟಾದರೂ ಮಕ್ಕಳಿಗೆ ತಲುಪಿಸಲಾಗುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಈ ಲಸಿಕೆಯನ್ನು ಮಾರುಕಟ್ಟೆಗೆ ಬಿಟ್ಟು ಕೂರುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ನೀತಿ.

ಎರಡನೆಯದು ಮನೆಯೊಳಗೇ ಇದೆ. ಅಜ್ಜಿಯ ನಿದ್ದೆ ಮಾತ್ರೆ, ಚಿಕ್ಕಪ್ಪನ ಮೂರ್ಛೆರೋಗದ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್, ನೆಗಡಿಯ ಸಿರಪ್, ಮದ್ಯ. ದಿಂಬಿನ ಪಕ್ಕ, ಟಿ.ವಿ. ಮೇಲೆ, ಕಿಟಕಿಯಲ್ಲಿ ಇವು ಬಿದ್ದಿರುತ್ತವೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಅಷ್ಟು ಸಾಕು. ಮಕ್ಕಳಿಂದ ತೆರೆಯಲಾಗದ ಮುಚ್ಚಳ ಬೇಕೆಂದು ಅಮೆರಿಕ 1970ರಲ್ಲೇ ಕಾನೂನು ಮಾಡಿತು. ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುವ ರೂಢಿ. ಆ ತುಂಡಿನ ಮೇಲೆ ಔಷಧಿಯ ಹೆಸರೂ ಎಷ್ಟೋ ಸಲ ಉಳಿದಿರುವುದಿಲ್ಲ. ಮಗು ನುಂಗಿದ್ದೇನು ಎಂದು ವೈದ್ಯರು ಕೇಳಿದರೆ ತಾಯಿ ಏನು ಹೇಳಬೇಕು? ಮೂರ್ಛೆರೋಗ ಮತ್ತು ನಿದ್ದೆಯ ಔಷಧಿಗಳಿಗಾದರೂ ಸುರಕ್ಷಿತ ಪ್ಯಾಕಿಂಗ್ ಕಡ್ಡಾಯವಾಗಲಿ.

ಉಳಿದ ಕಾರಣಗಳು ವಿರಳವಾದರೂ ಕಡೆಗಣಿಸುವಂಥವಲ್ಲ. ವಾರಗಟ್ಟಲೆ ಬೆಳಗಿನ ತಲೆನೋವು, ವಾಂತಿ ಇದ್ದರೆ ಮೆದುಳಿನ ಗಡ್ಡೆಯ ಶಂಕೆ ಬರಬೇಕು. ಕಾಲಿನ ಶಕ್ತಿಯೇ ಕುಂದುತ್ತಿದ್ದರೆ ಗಿಲನ್ ಬಾರೆ ಎಂಬ ನರರೋಗ, ಕಣ್ಣುಗುಡ್ಡೆ ದಿಕ್ಕೆಟ್ಟು ಕುಣಿಯುತ್ತಿದ್ದರೆ ನರಸಂಬಂಧಿ ಕ್ಯಾನ್ಸರ್ ಇದೆಯೇ ಎಂದು ನೋಡಬೇಕು.

ಯಾವುದೇ ಇರಲಿ, ದೃಷ್ಟಿ ತೆಗೆಯುತ್ತ ಒಂದು ದಿನವನ್ನೂ ಕಳೆಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಕಳೆದ ಮೂರು ವಾರಗಳಲ್ಲಿ ಬಂದ ಜ್ವರ, ಗುಳ್ಳೆಗಳ ವಿಷಯ ಹೇಳಿ. ಮನೆಯಲ್ಲಿರುವ ಎಲ್ಲರ ಮಾತ್ರೆಗಳನ್ನೂ, ಖಾಲಿ ಸ್ಟ್ರಿಪ್ ಸಮೇತ, ಜೊತೆಗೆ ಒಯ್ಯಿರಿ.