ಮಾರಿದವನು ಮೂರ್ಖನೇ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನ ಬಳಿ ಒಂದಷ್ಟು ಬಿಟ್‌ಕಾಯಿನ್ ಇದ್ದಿತಂತೆ. 2017ರ ಆರಂಭದಲ್ಲಿ, ನಾಣ್ಯವೊಂದಕ್ಕೆ ಸುಮಾರು ಸಾವಿರ ಡಾಲರ್ ಬೆಲೆಯಿದ್ದಾಗ, ತಂದೆಯ ಹೃದಯ ಶಸ್ತ್ರಚಿಕಿತ್ಸೆಗಾಗಿ ಎಲ್ಲವನ್ನೂ ಮಾರಿದನು. 2024ರ ಡಿಸೆಂಬರಿನಲ್ಲಿ ಅದೇ ನಾಣ್ಯ ಒಂದು ಲಕ್ಷ ಡಾಲರ್ ದಾಟಿತು. “ನೂರು ಪಟ್ಟು ಮೇಷ್ಟ್ರೇ! ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ” ಎಂದನು. ನಿಮ್ಮಲ್ಲಿ ಇನ್ನೂ ಕೆಲವರಿಗೆ ಈ ಕೊರಗು ಇರಬಹುದೆಂದು, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಮೊದಲ ಬೆಲೆ ಮತ್ತು ಕೊನೆಯ ಬೆಲೆಯನ್ನಷ್ಟೇ ಬರೆದು, ನಡುವಿನ ಹಂತಗಳನ್ನು ಬಿಟ್ಟಿದ್ದನು. ತರಗತಿಯಲ್ಲಾಗಿದ್ದರೆ ಪೂರ್ಣ ಅಂಕ ಕೊಡುತ್ತಿರಲಿಲ್ಲ! 2017ರ ಡಿಸೆಂಬರಿನಲ್ಲಿ ಬೆಲೆ ಇಪ್ಪತ್ತು ಸಾವಿರ ಡಾಲರಿನ ಸಮೀಪಕ್ಕೇರಿ, ಒಂದೇ ವರ್ಷದಲ್ಲಿ ನಾಲ್ಕು ಸಾವಿರಕ್ಕಿಂತ ಕೆಳಗಿಳಿಯಿತು. 2021ರ ನವೆಂಬರಿನಲ್ಲಿ ಸುಮಾರು 69,000ಕ್ಕೇರಿ, ಮರುವರ್ಷದ ನವೆಂಬರಿನಲ್ಲಿ 16,000ಕ್ಕೂ ಕೆಳಗೆ ಕುಸಿಯಿತು. ನೂರು ರೂಪಾಯಿ ಇಪ್ಪತ್ತಾದರೆ ಶೇಕಡ 80 ನಷ್ಟ. ಆ ಇಪ್ಪತ್ತು ಮರಳಿ ನೂರಾಗಲು ಶೇಕಡ 400 ಲಾಭ ಬೇಕು. “ಇಪ್ಪತ್ತು ಪಟ್ಟು ಏರಿದಾಗಲೂ ಮಾರದೆ, ಐದರಲ್ಲೊಂದು ಪಾಲಿಗಿಂತ ಕಡಿಮೆಯಾದಾಗಲೂ ಮಾರದೆ ಕುಳಿತಿರುತ್ತಿದ್ದೆಯಾ?” ಎಂದು ಕೇಳಿದೆ. ಅವನು ಸುಮ್ಮನಾದನು.

ಇಟ್ಟುಕೊಳ್ಳಬೇಕೆನ್ನುವವರ ವಾದದಲ್ಲಿಯೂ ತಿರುಳಿದೆ. ಬಿಟ್‌ಕಾಯಿನ್‌ಗಳ ಒಟ್ಟು ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದಂತೆ ಮಿತಿಯಿದೆ. ಬೇಡಿಕೆ ಬೆಳೆದರೆ ಬೆಲೆ ಏರುವುದು ಸಹಜ. ಆದರೆ ಹೊಲ ಬೆಳೆ ಕೊಡುತ್ತದೆ, ಠೇವಣಿ ಬಡ್ಡಿ ಕೊಡುತ್ತದೆ. ಈ ನಾಣ್ಯಕ್ಕೆ ಮುಂದೆ ಕೊಳ್ಳುವವನು ಕೊಟ್ಟಷ್ಟೇ ಬೆಲೆ. ಇನ್ನು ತಾಳ್ಮೆಯೊಂದೇ ಸಾಲದು. ಟೋಕಿಯೋದ ಮೌಂಟ್ ಗಾಕ್ಸ್ ವಿನಿಮಯ ಕೇಂದ್ರ 2014ರ ಫೆಬ್ರವರಿಯಲ್ಲಿ ದಿವಾಳಿಯಾಯಿತು. ಅಲ್ಲಿ ಇಟ್ಟವರಿಗೆ ನಾಣ್ಯಗಳನ್ನು ಹಿಂದಿರುಗಿಸುವುದು ಆರಂಭವಾದದ್ದು 2024ರ ಜುಲೈನಲ್ಲಿ, ಅದೂ ಒಂದು ಪಾಲು ಮಾತ್ರ.

2010ರ ಮೇ ತಿಂಗಳಿನಲ್ಲಿ ಅಮೆರಿಕದ ಲಾಸ್ಲೊ ಹನ್ಯೆಜ್ ಎಂಬುವರು ಎರಡು ಪಿಜ್ಜಾಗಳಿಗೆ 10,000 ಬಿಟ್‌ಕಾಯಿನ್ ಕೊಟ್ಟದ್ದನ್ನು ಜನರು ಇಂದಿಗೂ ಆಡಿಕೊಳ್ಳುತ್ತಾರೆ. ಅಂದು ಯಾರೂ ಅದನ್ನು ಖರ್ಚು ಮಾಡದಿದ್ದರೆ, ಅದರಿಂದ ಏನಾದರೂ ಕೊಳ್ಳಬಹುದೆಂಬುದು ತಿಳಿಯುತ್ತಿದ್ದುದಾದರೂ ಹೇಗೆ?

ಹತ್ತು ವರ್ಷ ಬೇಕಾಗದ ಹಣವಿದ್ದು, ಅದರಲ್ಲಿ ಶೇಕಡ 80 ಕರಗಿದರೂ ಮನೆಯ ಒಲೆ ಎಂದಿನಂತೆ ಉರಿಯುವುದಾದರೆ, ಅಂಥವರು ಇಟ್ಟುಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಅಗತ್ಯಕ್ಕೆಂದು ಮಾರಿದವನನ್ನು ಮೂರ್ಖನೆನ್ನುವುದು ಅನ್ಯಾಯ. ಅಂದು ತಿಳಿದಿದ್ದ ಸಂಗತಿಗಳಿಂದಲೇ ಅಂದಿನ ನಿರ್ಧಾರವನ್ನು ಅಳೆಯಬೇಕು.

ಹೊರಡುವಾಗ “ತಂದೆ ಹೇಗಿದ್ದಾರಪ್ಪ?” ಎಂದು ವಿಚಾರಿಸಿದೆ.

“ಚೆನ್ನಾಗಿದ್ದಾರೆ ಮೇಷ್ಟ್ರೇ. ದಿನವೂ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾರೆ.”

“ನಿನ್ನ ಲೆಕ್ಕದಲ್ಲಿ ಅದನ್ನು ಬರೆದೇ ಇಲ್ಲವಲ್ಲ!” ಎಂದೆ.