ಪಾಳುಬಿದ್ದ ಜಗತ್ತಿನಲ್ಲಿ ಪ್ರೀತಿಯ ಪರೀಕ್ಷೆ

ಮನುಷ್ಯಕುಲದ ಬಹುಪಾಲು ನಾಶವಾದ ಮೇಲೆ ಅಳಿದುಳಿದ ಕೆಲವರು ಬದುಕಲು ಹೆಣಗುವ ಕಥೆಗಳು ಇಂದಿನ ಯುವಜನರನ್ನು ಬಲವಾಗಿ ಸೆಳೆಯುತ್ತಿವೆ. ಇಂತಹ ಕಥೆ ಪುಸ್ತಕದಲ್ಲಿದ್ದರೆ ಹಿರಿಯರು ಅಷ್ಟಾಗಿ ಕಳವಳಪಡುವುದಿಲ್ಲ. ಅದೇ ಕಥೆ ವಿಡಿಯೋ ಆಟವಾಗಿ ಮನೆಯೊಳಗೆ ಬಂದಾಗ, ಹೊಡೆದು ಕೊಲ್ಲುವುದರಲ್ಲಿ ಅದೇನು ಸುಖವೋ ಎಂದು ತಂದೆತಾಯಂದಿರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಈ ಬಗೆಯ ಆಟಗಳಲ್ಲಿ ಬಹಳ ಹೆಸರಾದ 'ದಿ ಲಾಸ್ಟ್ ಆಫ್ ಅಸ್' ಅನ್ನು ಗಮನಿಸಿದರೆ, ಆಟಗಾರನನ್ನು ಹಿಡಿದಿಡುವ ಶಕ್ತಿ ಬಂದೂಕಿಗಿಂತ ಹೆಚ್ಚಾಗಿ ಮಮತೆಯದು ಎಂಬುದು ತಿಳಿಯುತ್ತದೆ. ಅದರ ಅಪಾಯವೂ ಆ ಮಮತೆಯಲ್ಲೇ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ನಾಟಿ ಡಾಗ್ ಸಂಸ್ಥೆ ಈ ಆಟವನ್ನು 2013ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ ಹೊರತಂದಿತು. ಕಥೆ ಬರೆದವರು ನೀಲ್ ಡ್ರಕ್ಮನ್. ಇರುವೆಯ ದೇಹವನ್ನು ಹೊಕ್ಕು ಅದರ ನಡೆಯನ್ನೇ ಬದಲಿಸಿ, ಕೊನೆಗೆ ಅದನ್ನು ಕೊಲ್ಲುವ ಕಾರ್ಡಿಸೆಪ್ಸ್ ಬಗೆಯ ಶಿಲೀಂಧ್ರ ನಿಸರ್ಗದಲ್ಲಿ ನಿಜವಾಗಿಯೂ ಇದೆ. ಅದು ಮನುಷ್ಯರಿಗೆ ತಗುಲಿದರೆ ಏನಾದೀತು ಎಂಬ ಕಲ್ಪನೆಯೇ ಕಥೆಯ ಬೀಜ. ಜೋಯಲ್ ಎಂಬಾತ ರೋಗ ಹಬ್ಬಿದ ಮೊದಲ ರಾತ್ರಿಯೇ ತನ್ನ ಮಗಳನ್ನು ಸೈನಿಕನೊಬ್ಬನ ಗುಂಡಿಗೆ ಕಳೆದುಕೊಳ್ಳುತ್ತಾನೆ. 20 ವರ್ಷಗಳ ನಂತರ, ಕಲ್ಲೆದೆಯ ಕಳ್ಳಸಾಗಣೆಗಾರನಾಗಿರುವ ಅವನ ಪಾಲಿಗೆ ಎಲ್ಲೀ ಎಂಬ 14 ವರ್ಷದ ಬಾಲೆಯನ್ನು ಬಾಸ್ಟನ್ನಿನಿಂದ ಹೊರಗೆ ಸಾಗಿಸುವ ಕೆಲಸ ಬರುತ್ತದೆ. ಸೋಂಕು ತಗುಲಿಯೂ ಆಕೆಗೆ ರೋಗ ಬಂದಿಲ್ಲ. ಆಕೆಯಿಂದ ಲಸಿಕೆ ಸಿದ್ಧವಾದೀತೆಂಬುದು ಫೈರ್‌ಫ್ಲೈಸ್ ಎಂಬ ಬಂಡಾಯ ಪಡೆಯ ನಿರೀಕ್ಷೆ. ಸಾಮಾನಿನಂತೆ ಸಾಗಿಸಬೇಕಿದ್ದ ಆ ಬಾಲೆ ದೂರದ ಸಾಲ್ಟ್ ಲೇಕ್ ಸಿಟಿಯನ್ನು ಮುಟ್ಟುವ ಹೊತ್ತಿಗೆ ಅವನಿಗೆ ಮಗಳೇ ಆಗಿಬಿಟ್ಟಿರುತ್ತಾಳೆ.

ಚಲನಚಿತ್ರದಲ್ಲಿ ನಾವು ಈ ಪಯಣವನ್ನು ದೂರದಿಂದ ನೋಡುತ್ತೇವೆ. ಆಟದಲ್ಲಿ ಅದು ನಮ್ಮ ಕೈಯಿಂದಲೇ ಸಾಗುತ್ತದೆ. ಪಾಳುಮನೆಗಳ ಕಪಾಟುಗಳನ್ನು ತಡಕಿ ಒಂದು ಚಿಂದಿಬಟ್ಟೆಯನ್ನೂ ಒಂದಿಷ್ಟು ಮದ್ಯಸಾರವನ್ನೂ ಹುಡುಕಬೇಕು. ಆ ಎರಡರಿಂದ ಗಾಯಕ್ಕೆ ಕಟ್ಟುವ ಪಟ್ಟಿಯನ್ನು ಮಾಡಬಹುದು. ಅವೇ ಎರಡರಿಂದ ವೈರಿಯನ್ನು ಸುಡುವ ಬೆಂಕಿಬಾಂಬನ್ನೂ ಮಾಡಬಹುದು. ಎರಡನ್ನೂ ಮಾಡುವಷ್ಟು ಸಾಮಗ್ರಿ ಅನೇಕ ವೇಳೆ ಸಿಗದು. ಯೋಚಿಸುತ್ತ ನಿಂತರೆ ಆಟವೂ ನಿಲ್ಲುವುದಿಲ್ಲ. ಉಳಿಸುವುದೋ ಸುಡುವುದೋ ಎಂಬ ಆಯ್ಕೆಯನ್ನು ಹೀಗೆ ಮತ್ತೆ ಮತ್ತೆ ಮಾಡುತ್ತ, ಆ ಬಾಲೆಯ ಜೊತೆಗೆ ಗಂಟೆಗಟ್ಟಲೆ ನಡೆದವನಿಗೆ ಅವಳ ಮೇಲೆ ಅಕ್ಕರೆ ಹುಟ್ಟದಿದ್ದೀತೇ? ಪಯಣದ ಕೊನೆಯಲ್ಲಿ, ಪಾಳುಬಿದ್ದ ನಗರದ ನಡುವೆ ಜಿರಾಫೆಗಳ ಹಿಂಡೊಂದು ಹಸಿರು ಮೇಯುತ್ತ ಸಾಗುವುದನ್ನು ಇಬ್ಬರೂ ಕಾಣುತ್ತಾರೆ. ಅಲ್ಲಿ ಕೊಲ್ಲುವುದಕ್ಕೆ ಯಾರೂ ಇಲ್ಲ, ಗೆಲ್ಲುವುದಕ್ಕೆ ಏನೂ ಇಲ್ಲ. ಆದರೂ ಅನೇಕ ಆಟಗಾರರು ಮರೆಯದೆ ನೆನೆಯುವುದು ಆ ದೃಶ್ಯವನ್ನೇ.

ನಿಜವಾದ ಪರೀಕ್ಷೆ ಅನಂತರ ಬರುತ್ತದೆ. ಲಸಿಕೆಗಾಗಿ ಬಾಲೆಯ ಮಿದುಳಿಗೆ ಶಸ್ತ್ರಕ್ರಿಯೆ ನಡೆಯಬೇಕು. ನಡೆದರೆ ಅವಳು ಬದುಕುವುದಿಲ್ಲ. ಜೋಯಲ್ ಅದಕ್ಕೆ ಒಪ್ಪದೆ ಆಸ್ಪತ್ರೆಯಲ್ಲಿದ್ದವರನ್ನು ಕೊಂದು, ಪ್ರಜ್ಞೆಯಿಲ್ಲದ ಅವಳನ್ನು ಎತ್ತಿಕೊಂಡು ಹೊರಡುತ್ತಾನೆ. ಎಚ್ಚೆತ್ತು ಕೇಳಿದವಳಿಗೆ ಸುಳ್ಳು ಹೇಳುತ್ತಾನೆ. ವೈದ್ಯನನ್ನು ಕೊಲ್ಲದೆ ಮುಂದೆ ಹೋಗುವ ಬೇರೆ ದಾರಿಯನ್ನು ಆಟ ಕೊಡುವುದಿಲ್ಲ. ಲೋಕದ ಹಿತಕ್ಕಾಗಿ ಒಂದು ಮಗುವನ್ನು ಬಲಿಗೊಡುವುದು ಸರಿಯಲ್ಲ. ಸಾಧ್ಯ ಎಷ್ಟೇ ದೊಡ್ಡದಾದರೂ ಅದು ಕೆಟ್ಟ ಸಾಧನವನ್ನು ಶುದ್ಧಗೊಳಿಸದು ಎಂದು ಧರ್ಮಸಭೆ ಬೋಧಿಸುತ್ತದೆ. ಹಾಗೆಂದು ಜೋಯಲನ ಕೃತ್ಯವೂ ಸರಿಯಾಗದು. ಎರಡೂ ಕಡೆಯವರ ತಪ್ಪಿನಲ್ಲಿ ಒಂದು ಸಾಮ್ಯವಿದೆ: ಆ ಬಾಲೆಯ ಮನಸ್ಸೇನೆಂದು ಅವಳನ್ನು ಯಾರೂ ಕೇಳಲಿಲ್ಲ. ಸತ್ಯವನ್ನು ಬಿಟ್ಟ ಪ್ರೀತಿ ಒಡೆತನವಾಗಿ ಮಾರ್ಪಡುತ್ತದೆ. ಮಕ್ಕಳ ಒಳಿತಿಗೆಂದೇ ಅವರಿಂದ ಸತ್ಯವನ್ನು ಮರೆಮಾಚುವ, ಅವರನ್ನು ಕೇಳದೆ ಅವರ ಬಾಳನ್ನು ನಿಶ್ಚಯಿಸುವ ಮನೆಗಳು ನಮ್ಮಲ್ಲಿ ಇಲ್ಲವೇ?

ಆ ಕೃತ್ಯದ ಫಲವನ್ನು 2020ರಲ್ಲಿ ಬಂದ ಎರಡನೆಯ ಭಾಗ ಹೇಳುತ್ತದೆ. ಕೊಲೆಯಾದ ವೈದ್ಯನ ಮಗಳು ಆಬಿ, ಜೋಯಲನನ್ನು ಕೊಲ್ಲುತ್ತಾಳೆ. ಎಲ್ಲೀ ಸೇಡಿಗೆ ಹೊರಡುತ್ತಾಳೆ. ಆಟದ ನಡುವೆ ಆಟಗಾರನು ತಾನು ದ್ವೇಷಿಸಿದ ಆಬಿಯಾಗಿಯೇ ಆಡಬೇಕಾಗುತ್ತದೆ. ವೈರಿಗೂ ತಂದೆಯಿದ್ದನು, ಗೆಳೆಯರಿದ್ದರು, ಭಯವಿತ್ತು ಎಂಬುದನ್ನು ಆಗ ಕಾಣುತ್ತಾನೆ. ಇದನ್ನು ಸಹಿಸದೆ ಸಿಟ್ಟಿಗೆದ್ದ ಆಟಗಾರರೂ ಹಲವರು. ಕೊನೆಗೆ ಎಲ್ಲೀ ಆಬಿಯನ್ನು ಕೊಲ್ಲದೆ ಬಿಟ್ಟುಬಿಡುತ್ತಾಳೆ. ಅಷ್ಟರಲ್ಲಿ ಕೈಬೆರಳುಗಳನ್ನು ಕಳೆದುಕೊಂಡಿದ್ದು, ಜೋಯಲ್ ಕಲಿಸಿದ ಗಿಟಾರನ್ನು ಮೊದಲಿನಂತೆ ನುಡಿಸಲಾರಳು. ಕ್ಷಮಿಸುವುದು ಎಷ್ಟು ಕಠಿಣ, ತಡವಾದ ಕ್ಷಮೆಗೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಇದು ಮನಮುಟ್ಟುವಂತೆ ತೋರಿಸುತ್ತದೆ.

ಹಾಗೆಂದು ಈ ಆಟವನ್ನು ಎಳೆಯರ ಕೈಗೆ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಇದರಲ್ಲಿ ರಕ್ತಪಾತ ವಿಪರೀತ. ಅಮೆರಿಕದಲ್ಲಿ ಇದಕ್ಕೆ 17 ವರ್ಷದ, ಯೂರೋಪಿನಲ್ಲಿ 18 ವರ್ಷದ ಮಿತಿಯನ್ನು ಸೂಚಿಸಲಾಗಿದೆ. ಮನೋರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ವೈಭವೀಕರಿಸುವ ವಿಡಿಯೋ ಆಟಗಳನ್ನು ವಿಶ್ವಗುರು 16ನೇ ಬೆನೆಡಿಕ್ಟರು 2007ರ ವಿಶ್ವ ಸಮೂಹ ಮಾಧ್ಯಮ ದಿನದ ಸಂದೇಶದಲ್ಲಿ ಕಟುವಾಗಿ ಖಂಡಿಸಿದ್ದರು. ಮಾಧ್ಯಮಗಳನ್ನು ವಿವೇಚನೆಯಿಂದ ಬಳಸುವಂತೆ ಮಕ್ಕಳನ್ನು ತಿದ್ದುವ ಮೊದಲ ಹೊಣೆ ತಂದೆತಾಯಿಗಳದೆಂದೂ ಅಲ್ಲಿ ನೆನಪಿಸಿದ್ದರು. ಹಿಂಸೆಯ ವೈಭವೀಕರಣ ಬೇರೆ, ಹಿಂಸೆಯ ನೋವನ್ನು ಕಾಣಿಸುವುದು ಬೇರೆ. ಇವೆರಡರ ಅಂತರವನ್ನು ಎಳೆಯ ಮನಸ್ಸು ತಾನಾಗಿಯೇ ಗುರುತಿಸಲಾರದು.

ಆದುದರಿಂದ ಚಿಕ್ಕವರಿಗೆ ಇದನ್ನು ನಿರಾಕರಿಸೋಣ. ಪ್ರಾಯಕ್ಕೆ ಬಂದ ಮಗನೋ ಮಗಳೋ ಆಡುತ್ತಿದ್ದರೆ, ಗದರಿ ಯಂತ್ರವನ್ನು ಆರಿಸುವ ಬದಲು ಬಳಿಯಲ್ಲಿ ಕುಳಿತು ಒಂದೆರಡು ಮಾತು ಕೇಳೋಣ. ಜೋಯಲ್ ಮಾಡಿದ್ದು ಸರಿಯೇ? ನೀನಾಗಿದ್ದರೆ ಅವಳಿಗೆ ಸತ್ಯ ಹೇಳುತ್ತಿದ್ದೆಯಾ? ಎಲ್ಲೀ ಸೇಡನ್ನು ಬಿಟ್ಟದ್ದೇಕೆ? ಈ ಕಥೆ 2023ರಿಂದ ದೂರದರ್ಶನ ಧಾರಾವಾಹಿಯಾಗಿಯೂ ಬಂದಿರುವುದರಿಂದ, ಆಟ ಆಡದವರೂ ಈ ಚರ್ಚೆಯಲ್ಲಿ ಪಾಲ್ಗೊಳ್ಳಬಹುದು. ಸಂಜೆಯ ಜಪಸರಕ್ಕೆ ಒಟ್ಟಾಗಿ ಕೂಡುವ ಕುಟುಂಬಕ್ಕೆ, ಅದಾದ ಮೇಲೆ ಹತ್ತು ನಿಮಿಷ ಹೀಗೆ ಮಾತನಾಡುವುದು ಕಷ್ಟವಾಗಲಾರದು. ನಾವು ಕೇಳಿದರೆ ಮಕ್ಕಳು ಹೇಳುತ್ತಾರೆ. ಕೇಳದೆ ಹೋದರೆ, ಅಷ್ಟು ದೊಡ್ಡ ಪ್ರಶ್ನೆಗಳಿಗೆ ಅವರು ಒಂಟಿಯಾಗಿಯೇ ಉತ್ತರ ಹುಡುಕಿಕೊಳ್ಳಬೇಕಾಗುತ್ತದೆ.