ಟ್ಯಾಂಕರ್ ನೀರು ಟಾರು ರಸ್ತೆಗೆ, ಒಣಗಿದ ಸಸಿ ಒಲೆಗೆ!

ಕೋಲಾರ ಜಿಲ್ಲೆಯ ಒಂದು ಊರು. ಹೆಸರು ಬೇಡ, ಬರೆದರೆ ನಾಳೆ ಬೆಳಿಗ್ಗೆ ನಾಲ್ಕು ಜನ ನಮ್ಮ ಕಚೇರಿ ಮೆಟ್ಟಿಲು ಹತ್ತುತ್ತಾರೆ. ಅಲ್ಲಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಮಳೆಗಾಲ ಬಂತೆಂದರೆ ಸಸಿ ನೆಡುವ ಸಂಭ್ರಮ. ಶಾಮಿಯಾನ, ಮೈಕು, ಹಾರ, ಫೋಟೋ. ಮಹನೀಯರೊಬ್ಬರು ಗುದ್ದಲಿ ಮುಟ್ಟುತ್ತಾರೆ, ಚಪ್ಪಾಳೆ ಬೀಳುತ್ತದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಅದೇ ಸಾಲಿನ ಮುಂದೆ ನಿಂತು ನೋಡಿ. ಬೇಲಿ ಇದೆ, ಬೇಲಿಯ ಒಳಗೆ ಒಂದು ಕಡ್ಡಿ ಇದೆ. ಸಂಜೆ ಯಾರೋ ಅದನ್ನೂ ಕಿತ್ತು ಟೀ ಅಂಗಡಿಯ ಒಲೆಗೆ ಹಾಕುತ್ತಾರೆ.

ನೀರು ಹಾಕಲಿಲ್ಲವೇ? ಹಾಕಿದರು ಸ್ವಾಮಿ, ಅದೇ ತಮಾಷೆ! ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಡ್ರೈವರು ಗಾಡಿ ನಿಲ್ಲಿಸುತ್ತಿರಲಿಲ್ಲ, ಹಿಂದೆ ನಿಂತ ಹುಡುಗ ಪೈಪು ತಿರುಗಿಸುತ್ತಾ ಹೋಗುತ್ತಿದ್ದ. ಮುಕ್ಕಾಲು ನೀರು ಟಾರು ರಸ್ತೆಗೆ, ಅಂಗಡಿ ಮೆಟ್ಟಿಲಿಗೆ, ಒಂದು ದಿನ ಈ ಅಂಕಣಕಾರನ ಪಂಚೆಗೂ. ಬುಡಕ್ಕೆ ಬಿದ್ದಷ್ಟು ನೀರು ಮೇಲ್ಮಣ್ಣಿನಲ್ಲೇ ನಿಂತು ಮಧ್ಯಾಹ್ನಕ್ಕೆ ಬಿಸಿಲಿನ ಪಾಲು. ಬೇರಿಗೆ ಸಿಕ್ಕಿದ್ದು ಎಷ್ಟು ಅಂತ ಆ ಕಡ್ಡಿಯನ್ನೇ ಕೇಳಬೇಕು.

ವರ್ಷಪೂರ್ತಿ ಹರಿಯುವ ಒಂದು ನದಿಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿ, ಬರೀ ಧೂಳು ಬಂದು, ಸಾಲ ಮಾತ್ರ ಉಳಿಸಿಕೊಂಡ ಮನೆಗಳು ಎಷ್ಟಿವೆಯೋ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಅಂತ ಸರ್ಕಾರವೇ ಘೋಷಿಸಿತು. ಮರುವರ್ಷ, 2024ರ ಮಾರ್ಚಿಯಲ್ಲಿ, ಬೆಂಗಳೂರಿನಂಥ ಬೆಂಗಳೂರಿನಲ್ಲೇ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಇಂಥ ಸೀಮೆಯಲ್ಲಿ ನಾವು ಟಾರಿಗೆ ನೀರು ಕುಡಿಸುತ್ತಾ ಕೂತಿದ್ದೇವೆ.

ಇದಕ್ಕೆ ಒಂದು ಮದ್ದು ನಮ್ಮ ಸಂತೆಯಲ್ಲೇ ಇದೆ. ಕುಂಬಾರನ ಮಡಕೆ.

ಮಡಕೆಯನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂಳಿ, ನೀರು ತುಂಬಿ, ಮುಚ್ಚಳ ಹಾಕಿ, ಪಕ್ಕದಲ್ಲಿ ಗಿಡ ನೆಡುವುದು. ಅಷ್ಟೇ. ಬೇಸಿಗೆಯಲ್ಲಿ ನಿಮ್ಮ ಅಂಗಡಿಯ ಮೂಲೆಯಲ್ಲಿಟ್ಟ ಮಡಕೆಯ ಹೊರಮೈ ಬೆವರುತ್ತದಲ್ಲ, ಅದೇ ಬೆವರು ಇಲ್ಲಿ ಬೇರಿಗೆ ಸಿಗುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಸುತ್ತಲ ಮಣ್ಣು ಒಣಗಿದ್ದರೆ ಅದು ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ಹಸಿಯಾದರೆ ಎಳೆತ ತಗ್ಗುತ್ತದೆ, ಜಿನುಗುವುದೂ ತಗ್ಗುತ್ತದೆ. ಮಳೆ ಬಂದ ದಿನ ಮಡಕೆ ತಾನಾಗಿ ಕೈ ಬಿಗಿ ಹಿಡಿಯುತ್ತದೆ, ಬಿಸಿಲು ಬಂದ ದಿನ ಬಿಚ್ಚುತ್ತದೆ. ಮೋಟಾರು ಬೇಡ, ಕರೆಂಟು ಬೇಡ, ಇಲಿ ಕಚ್ಚುವ ಪೈಪು ಇಲ್ಲ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ.

ಇದೇನು ಹೊಸ ಕಂಪನಿ ಮಾಲಲ್ಲ. ಎರಡು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಫಾನ್ ಶೆಂಗ್‌ಝಿ ಎಂಬಾತ ಬರೆದ ಬೇಸಾಯದ ಪುಸ್ತಕದಲ್ಲೇ ಈ ಲೆಕ್ಕವಿದೆ. ಗುಂಡಿಯ ನಡುವೆ ಮಡಕೆ, ಬಾಯಿ ನೆಲದ ಮಟ್ಟಕ್ಕೆ, ಸುತ್ತ ನಾಲ್ಕು ಬೀಜ, ಮೇಲೆ ಹಂಚಿನ ಮುಚ್ಚಳ, ನೀರು ಇಳಿದಂತೆ ತುಂಬುತ್ತಿರಬೇಕು. ನಮ್ಮ ದೇಶದಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಚೌಳು ಮಣ್ಣಿನ ಮೇಲೆ ಕೆಲಸ ಮಾಡುವ ಕೇಂದ್ರ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಉಪ್ಪು ನೀರನ್ನು ಮಡಕೆಗೆ ತುಂಬಿ ತರಕಾರಿ ಬೆಳೆಯಬಹುದೇ ಅಂತಲೂ ನೋಡಿದ್ದಾರೆ. ಬೋರ್‌ವೆಲ್ಲಿನ ಗಡಸು ನೀರು ಕುಡಿದು ಬೆಳೆದ ನಮಗೆ ಇದು ಗಮನಿಸಬೇಕಾದ ವಿಷಯ.

ಈ ಅಂಕಣಕಾರ ಮಾತಿನ ಮಲ್ಲ ಮಾತ್ರ ಅಲ್ಲ ಅಂತ ತೋರಿಸಲು ಹಿತ್ತಿಲಲ್ಲಿ 12 ಮಡಕೆ ಹೂಳಿದ. ಮೊದಲು ನಮ್ಮ ಪೈಪಿಗೆ ಬಿಂದಿಗೆ ಹಿಡಿದು ನೋಡಿದೆ. ನಿಮಿಷಕ್ಕೆ ಒಂದು ಬಿಂದಿಗೆ, ಅಂದರೆ ಸುಮಾರು 12 ಲೀಟರ್. ದಿನಾ ಹತ್ತು ನಿಮಿಷ ಪೈಪು ಬಿಟ್ಟರೆ 120 ಲೀಟರ್, ವಾರಕ್ಕೆ 840. ಈಗ 10 ಲೀಟರಿನ 12 ಮಡಕೆ, ವಾರಕ್ಕೆ ಎರಡು ಸಲ ತುಂಬಿದರೆ 240. ಅದೂ ಪೂರ್ತಿ ಖಾಲಿಯಾಗಿದ್ದರೆ ಮಾತ್ರ. ಬದನೆ, ಹೀರೆ, ಸೋರೆ, ಒಂದು ಕರಿಬೇವು. ಗಿಡಗಳನ್ನು ಮಡಕೆಯಿಂದ ಒಂದು ಗೇಣಿನೊಳಗೇ ಇಡಬೇಕು. ದೂರ ಇಟ್ಟ ಎರಡು ಬದನೆ ನನ್ನನ್ನು ಬೈದುಕೊಂಡೇ ಸತ್ತವು. ಬೀಜ ಹಾಕಿದ ಮೊದಲ ಕೆಲವು ದಿನ ಮೇಲಿನಿಂದಲೂ ಒಂದು ಚೊಂಬು ನೀರು ಬೇಕು. ಬೇರು ಇಳಿದು ಮಡಕೆಯ ಮೈ ತಬ್ಬಿದ ಮೇಲೆ ಅದರ ಸಂಸಾರ ಅದಕ್ಕೆ ಬಿಟ್ಟದ್ದು.

ಹನ್ನೆರಡರಲ್ಲಿ ಮೂರು ಮಡಕೆ ಮಾತ್ರ ಕೈ ಕೊಟ್ಟವು. ತುಂಬಿದ ನೀರು ನಾಲ್ಕನೇ ದಿನವೂ ತುಂಬಿದಂತೆಯೇ ಇತ್ತು! ಸುತ್ತಲ ಮಣ್ಣು ಸುಣ್ಣದ ಹಾಗೆ ಒಣಗಿತ್ತು. ಅಗೆದು ತೆಗೆದು ನೋಡಿದರೆ ಕಾರಣ ತಿಳಿಯಿತು. ಆ ಮೂರೂ ರಸ್ತೆ ಬದಿ ಅಲಂಕಾರದ ಅಂಗಡಿಯಿಂದ ತಂದವು. ಮೈಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪು. ಡ್ರಾಯಿಂಗ್ ರೂಮಿನಲ್ಲಿಟ್ಟು ನೋಡಲು ಚೆನ್ನ, ನೀರು ಬಿಡುವುದಿಲ್ಲ. ಅತಿಯಾಗಿ ಸುಟ್ಟ ಮಡಕೆಯೂ ಹಾಗೆಯೇ, ಮಣ್ಣು ಕಲ್ಲಿನಂತಾಗಿ ರಂಧ್ರ ಮುಚ್ಚಿಹೋಗುತ್ತದೆ. ಉಳಿದ ಒಂಬತ್ತು ಕುಂಬಾರರ ಕೇರಿಯ ಮಡಕೆ. 150 ಕೇಳಿದ, 120ಕ್ಕೆ ಇಳಿದ. ಚೌಕಾಸಿ ಮಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಇನ್ನಷ್ಟು ಮಡಕೆ ಬೇಕು ಅಂತ ಮತ್ತೆ ಅವನ ಮನೆಗೆ ಹೋದೆ. ಅರವತ್ತು ದಾಟಿದ ಮನುಷ್ಯ. ತಿಗರಿಯ ಮೇಲೆ ಗೋಣಿಚೀಲ ಹೊದಿಸಿತ್ತು.

'ಏನ್ ಯಜಮಾನ್ರೇ, ಕೆಲಸ ನಿಲ್ಲಿಸಿಬಿಟ್ರಾ?' ಅಂದೆ.

'ಮಣ್ಣು ಎಲ್ಲೈತೆ ಸ್ವಾಮಿ? ಮೊದ್ಲು ಕೆರೆ ಒಣಗಿತ್ತು, ಮಣ್ಣು ಸಿಗ್ತಿತ್ತು, ಕುಡಿಯಾಕೆ ನೀರಿರ್ಲಿಲ್ಲ. ಈಗ ಕೆರೆಯಾಗೆ ನೀರೈತೆ, ಮಣ್ಣು ನೀರೊಳಗೈತೆ. ಇನ್ನೊಂದು ಕೆರೆಗೆ ಹೋದ್ರೆ ಏರಿ ಮೇಲೇ ನಿಲ್ಲಿಸ್ತಾರೆ, ಪರ್ಮಿಟ್ ತೋರ್ಸು ಅಂತಾರೆ.'

ಇದರಲ್ಲಿ ಅರ್ಧ ಒಳ್ಳೆಯ ಸುದ್ದಿಯೇ. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂತು. ಬತ್ತಿದ್ದ ಕೆರೆ ತುಂಬಿದ್ದನ್ನು ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಬೇಸಿಗೆಯಲ್ಲೂ ನೀರು ನಿಂತ ಕೆರೆಯ ಅಂಗಳದಲ್ಲಿ ಜೇಡಿಮಣ್ಣು ತೆಗೆಯಲು ಆಗುವುದಿಲ್ಲ. ಕುಂಬಾರನಿಗೆ ಬೇರೆ ಕೆರೆ ತೋರಿಸಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ.

ಉಳಿದರ್ಧ ಮಾತ್ರ ಕೇಳಲು ಕಹಿ. ಕೇಂದ್ರ ಪರಿಸರ ಇಲಾಖೆ 2016ರ ಜನವರಿ 15ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಯಾವುದಕ್ಕೆಲ್ಲ ಪರಿಸರ ಅನುಮತಿ ಬೇಕಿಲ್ಲ ಅಂತ ಒಂದು ಪಟ್ಟಿ ಇದೆ. ಪಟ್ಟಿಯ ಮೊದಲನೇ ಸಾಲೇ ಕುಂಬಾರರದು. ತಮ್ಮ ಪದ್ಧತಿಯಂತೆ ಮಡಕೆ, ಹಣತೆ, ಬೊಂಬೆ ಮಾಡಲು ಕೈಯಿಂದ ಜೇಡಿಮಣ್ಣು, ಮರಳು ತೆಗೆಯುವುದಕ್ಕೆ ಅನುಮತಿ ಬೇಡ. ಕೈಯಿಂದ ಅನ್ನುವುದನ್ನು ಗಮನಿಸಿ, ಜೆಸಿಬಿ ಇಳಿಸಿದರೆ ಆ ಮಾತು ಬೇರೆ. ದಿಲ್ಲಿಯಲ್ಲಿ ಅಚ್ಚಾದ ಆ ಕಾಗದ ಕೆರೆ ಏರಿಯವರೆಗೆ ನಡೆದು ಬಂದಿಲ್ಲ. ಏರಿ ಮೇಲೆ ನಿಂತು ತಡೆಯುವವನಿಗೆ ಅದು ಗೊತ್ತಿಲ್ಲ, ತಲೆಮೇಲೆ ಬುಟ್ಟಿ ಹೊತ್ತವನಿಗೂ ಗೊತ್ತಿಲ್ಲ. ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಮಣ್ಣು ಸಿಕ್ಕರೂ ಗಿರಾಕಿ ಬೇಕಲ್ಲ. ಬೇಸಿಗೆ ಎರಡು ತಿಂಗಳು ಕುಡಿಯುವ ನೀರಿನ ಮಡಕೆ, ದೀಪಾವಳಿಗೆ ಹಣತೆ. ಮಿಕ್ಕ ತಿಂಗಳು ಮಗ ಬೆಂಗಳೂರಿನ ಕಡೆ ಕೂಲಿಗೆ. 2004ರಲ್ಲಿ ರೈಲ್ವೆ ಮಂತ್ರಿಯಾದ ಲಾಲು ಪ್ರಸಾದ್ ಸ್ಟೇಷನ್ನುಗಳಲ್ಲಿ ಮಣ್ಣಿನ ಕುಡಿಕೆಯಲ್ಲೇ ಚಹಾ ಅಂತ ಸಾರಿದ್ದು ನೆನಪಿದೆಯೇ? ಇವತ್ತು ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಕೈಯಲ್ಲಿರುವ ಕಪ್ಪು ನೋಡಿಕೊಳ್ಳಿ. ಆದೇಶ ಹೊರಡಿಸಿದ ಮಾತ್ರಕ್ಕೆ ಕುಂಬಾರನ ಒಲೆ ಉರಿಯುವುದಿಲ್ಲ, ವರ್ಷವರ್ಷ ಕೊಳ್ಳುವವರು ಬೇಕು.

ಸಸಿ ನೆಡುವವರು ಕೊಳ್ಳಲಿ ಅಂತ ಈ ಅಂಕಣದ ವಾದ. ಲೆಕ್ಕ ನೋಡಿ. ಒಂದು ಸಸಿಗೆ 5 ಲೀಟರಿನ ಒಂದು ಮಡಕೆ. 5,000 ಲೀಟರಿನ ಒಂದು ಲೋಡು ಬಂದರೆ 1,000 ಸಸಿಗಳ ಮಡಕೆ ತುಂಬುತ್ತದೆ, ಒಂದು ಹನಿ ಟಾರಿಗೆ ಬೀಳುವುದಿಲ್ಲ. ಗುಂಡಿ ತೋಡುವುದಕ್ಕೆ, ಬೇಲಿಗೆ, ಟ್ಯಾಂಕರಿಗೆ ಬಿಲ್ಲಿನಲ್ಲಿ ಒಂದೊಂದು ಸಾಲು ಇದ್ದೇ ಇರುತ್ತದೆ. ಮಡಕೆಗೆ ಒಂದು ಸಾಲು ಸೇರಿಸಲಿ. ಟ್ಯಾಂಕರ್ ನಿಲ್ಲಿಸಿ ಮುಚ್ಚಳ ತೆಗೆದು ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ನಿಜ. ಓಡುವ ಗಾಡಿಯಿಂದ ಪೈಪು ತಿರುಗಿಸುವ ಸುಖ ಇದರಲ್ಲಿಲ್ಲ. ಅಂಗಡಿಯವರಿಗೂ ಒಂದು ಮಾತು. ನಿಮ್ಮ ಬಾಗಿಲ ಮುಂದಿನ ಮಡಕೆಗೆ ವಾರಕ್ಕೊಂದು ಸಲ, ಲೋಟ ತೊಳೆದ ಸೋಪಿನ ನೀರು ಬಿಟ್ಟು, ಒಂದು ಸಣ್ಣ ಕೊಡ ಒಳ್ಳೆಯ ನೀರು ಹಾಕಿದರೆ ಟ್ಯಾಂಕರೂ ಬೇಕಾಗಲಿಕ್ಕಿಲ್ಲ.

ಮಡಕೆ ಎಲ್ಲ ರೋಗಕ್ಕೂ ಮದ್ದು ಅಂತ ಯಾರೂ ತಿಳಿಯಬೇಡಿ. ಎಕರೆಗಟ್ಟಲೆ ಟೊಮೆಟೊಗೆ ಇದು ಆಗದು, ಅಲ್ಲಿ ಡ್ರಿಪ್ಪೇ ಸರಿ. ರಾಗಿ ಹೊಲಕ್ಕಂತೂ ಮಾತೇ ಇಲ್ಲ. ನಮ್ಮ ಗಡಸು ನೀರಿನ ಉಪ್ಪು ಕೂತು ಕೆಲವು ಹಂಗಾಮಿನಲ್ಲಿ ರಂಧ್ರ ಕಟ್ಟುತ್ತದೆ, ಆಗ ಮಡಕೆ ಬದಲಿಸಬೇಕು. ಒಡೆಯುವ ಪದಾರ್ಥ ಬೇರೆ, ಹಿತ್ತಿಲಲ್ಲಿ ಗುದ್ದಲಿ ಹಾಕುವಾಗ ಜ್ಞಾಪಕ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ. ಬಾಯಿ ತೆರೆದ ಮಡಕೆ ಸೊಳ್ಳೆಗೆ ಹೆರಿಗೆ ಆಸ್ಪತ್ರೆ. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಸಾರಿ, ಸೊಳ್ಳೆ ಸಾಕಿದವರಿಗೆ ದಂಡ ಅಂತ ಸರ್ಕಾರ ಹೇಳಿದ್ದು ಮರೆತಿಲ್ಲ ತಾನೇ? ಒಡೆದ ಹಂಚು ಹಾಕಿ ಅಂಚಿಗೆ ಮಣ್ಣು ಮೆತ್ತಿದರೂ ನಡೆಯುತ್ತದೆ.

ಕೊಳ್ಳುವಾಗ ಪರೀಕ್ಷೆ ಸುಲಭ. ರಾತ್ರಿ ನೀರು ತುಂಬಿಡಿ, ಬೆಳಿಗ್ಗೆ ಹೊರಮೈ ಒದ್ದೆಯಾಗಿ ನೀರು ಸ್ವಲ್ಪ ಇಳಿದಿದ್ದರೆ ಅದು ಗಿಡದ ಮಡಕೆ. ಮೈ ಒಣಗಿಯೇ ಇದ್ದರೆ ಹೂವಿನ ಕುಂಡ ಮಾಡಿಕೊಳ್ಳಿ. ಇದನ್ನು ನಮ್ಮ ಯಜಮಾನರಿಗೆ ಹೇಳಿದಾಗ ನಕ್ಕುಬಿಟ್ಟರು. 'ಅದ್ರಾಗೇನೈತೆ ಸ್ವಾಮಿ, ಮಣ್ಣಿಗೆ ಒಂದಿಷ್ಟು ಮರದ ಹೊಟ್ಟು ಕಲಸಿದ್ರೆ ಆಯ್ತು. ಸುಡುವಾಗ ಹೊಟ್ಟು ಉರಿದು ಹೋಗ್ತದೆ, ಅದು ಇದ್ದ ಜಾಗ ತೂತಾಗಿ ಉಳೀತದೆ. ಎಷ್ಟು ಜಿನುಗ್ಬೇಕೋ ಅಷ್ಟು ಜಿನುಗೋ ಹಂಗೆ ಮಾಡಿಕೊಡ್ತೀನಿ. ಕುಡಿಯೋ ನೀರಿನ ಮಡಕೆಗಿಂತ ಇದು ಸಲೀಸು, ಅಂದ ಚೆಂದ ಯಾರ್ ನೋಡ್ತಾರೆ ಮಣ್ಣೊಳಗೆ?'

ಹಾಗಾದರೆ ಜುಲೈನಲ್ಲಿ ಸಸಿ ನೆಡುವಾಗ ಸಾವಿರ ಮಡಕೆ ಕೊಡುತ್ತೀರಾ ಅಂತ ಕೇಳಿದೆ. ಬೆರಳು ಎಣಿಸಿದರು. ಮಣ್ಣು ತರಬೇಕು, ನೆನೆಸಿ ತುಳಿಯಬೇಕು, ಮಾಡಿದ್ದು ನೆರಳಲ್ಲಿ ಒಣಗಬೇಕು, ಆವಿಗೆ ಕಟ್ಟಿ ಸುಡಬೇಕು. ಯುಗಾದಿಗೆ ಹೇಳಿದರೆ ಮಾತ್ರ ಆದೀತು ಅಂದರು. ಮಳೆ ಹಿಡಿದ ಮೇಲೆ ಮಡಕೆ ಒಣಗುವುದಿಲ್ಲ, ಆವಿಗೆ ಹತ್ತುವುದಿಲ್ಲ. ಶಾಮಿಯಾನದವನಿಗೆ ಮಾತ್ರ ಹಿಂದಿನ ದಿನ ಹೇಳಿದರೂ ಸಾಕು.